ರೆಕ್ಕೆ ಹಿಡ್ಕೊಂಡಿದೆ: ಬೆನ್ನಿನ ಮೇಲ್ಭಾಗದ ನೋವಿಗೆ ಕಾರಣ ಹುಡುಕುವುದು, ಶಮನ ಮಾಡಿಕೊಳ್ಳುವುದು ಹೇಗೆ?

ಜನವರಿ ಕೊನೆಯ ವಾರ ಬಂತೆಂದರೆ ನನ್ನ ಫಿಸಿಯೋಥೆರಪಿ ಕೋಣೆಯ ಹೊರಗಿನ ಬೆಂಚು ತುಂಬಿರುತ್ತದೆ. ರೊಬಸ್ಟಾ ಕಾಫಿಯ ಕೊಯ್ಲು ಬಿರುಸಾಗಿರುವ ಹೊತ್ತು ಅದು. ಬಂದವರು ಕೈಯನ್ನು ಹಿಂದಕ್ಕೆ ತಿರುಚಿ, ಹೆಗಲ ಹಿಂದಿನ ರೆಕ್ಕೆಮೂಳೆಯ ಒಳ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಲು ನೋಡುತ್ತಾರೆ. ಮುಟ್ಟಲಾಗದೆ, "ಇಲ್ಲೇ ಡಾಕ್ಟ್ರೇ, ರೆಕ್ಕೆ ಒಳಗೆ, ಮೊಳೆ ಹೊಡ್ದಂಗೆ ಆಗ್ತದೆ" ಅನ್ನುತ್ತಾರೆ.

ಕೊಡಗಿನ ಸಿದ್ದಾಪುರ ಕಡೆಯ ತೋಟವೊಂದರಿಂದ ಬಂದ ಅಕ್ಕ ಒಬ್ಬರಿಗೆ ಎರಡು ವಾರದಿಂದ ಇದೇ ನೋವು. ಎಣ್ಣೆ ತಿಕ್ಕಿದ್ದಾಗಿತ್ತು, ಮಾತ್ರೆ ನುಂಗಿದ್ದಾಗಿತ್ತು. ಬೆನ್ನು ಮುಟ್ಟುವ ಮೊದಲು, "ಕಾಫಿ ಹೇಗೆ ಕೊಯ್ತೀರಿ, ಒಮ್ಮೆ ತೋರಿಸಿ ಅಕ್ಕಾ" ಅಂದೆ. ಎದ್ದು ನಿಂತು ಗಾಳಿಯಲ್ಲೇ ರೆಂಬೆ ಬಗ್ಗಿಸಿದರು. ಎಡಗೈ ತಲೆಗಿಂತ ಮೇಲೆ ಹೋಗಿ, ರೆಂಬೆಯನ್ನು ಕೆಳಕ್ಕೆಳೆದು ಹಾಗೇ ಹಿಡಿದು ನಿಂತಿತು. ಬಲಗೈ ಗೊಂಚಲಿನಿಂದ ಗೊಂಚಲಿಗೆ ಓಡಾಡಿತು. ನೋವಿದ್ದದ್ದು ಎಡಗಡೆ. ಓಡಾಡುವ ಕೈಯ ಕಡೆ ನೋವಿಲ್ಲ, ಹಿಡಿದು ನಿಂತ ಕೈಯ ಕಡೆ ಇದೆ.

ನೋವು ಬೆನ್ನಲ್ಲಿ, ಕಾರಣ ಬಹುಪಾಲು ಕೈಯಲ್ಲಿ. ಇಷ್ಟು ತಿಳಿದರೆ ಅರ್ಧ ಚಿಕಿತ್ಸೆ ಮನೆಯಲ್ಲೇ ಆಗುತ್ತದೆ. ಆದರೆ ಕೆಲವರಿಗೆ ಬೆನ್ನಲ್ಲಿ ಕಾಣಿಸುವ ನೋವು ಬೆನ್ನಿನದೇ ಆಗಿರುವುದಿಲ್ಲ. ಅಲ್ಲಿ ತಡಮಾಡಿದರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲ ಹೆಜ್ಜೆ ಅಲ್ಲಿಂದ.

ಹೆಜ್ಜೆ 1: ಇದು ಬೆನ್ನಿನ ನೋವೇ ಹೌದಾ?

ನಮ್ಮಲ್ಲಿ ಹೆಗಲ ನಡುವೆ ಏನೇ ನೋವು ಬರಲಿ, "ಗ್ಯಾಸ್ ಹಿಡ್ಕೊಂಡಿದೆ" ಅನ್ನುವ ರೂಢಿ. ಓಮದ ನೀರು ಕುಡಿಸಿ, ಬೆನ್ನು ಗುದ್ದಿ, ಮಲಗಿಸಿಬಿಡುತ್ತೇವೆ. ಈ ರೂಢಿ ನನಗೆ ಬಹಳ ಭಯ ಹುಟ್ಟಿಸುತ್ತದೆ. ಹೃದಯಾಘಾತದ ನೋವು ಎದೆಯಲ್ಲೇ ಬರಬೇಕೆಂದಿಲ್ಲ. ರೆಕ್ಕೆಗಳ ನಡುವೆ, ದವಡೆಯಲ್ಲಿ, ತೋಳಿನಲ್ಲಿ ಬರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬೆನ್ನುನೋವು, ಏದುಸಿರು, ವಿಪರೀತ ಸುಸ್ತು ಮಾತ್ರ ಕಾಣಿಸುವುದೂ ಇದೆ.

ನೋವಿನ ಜೊತೆ ಎದೆ ಬಿಗಿದಂತಾಗುವುದು, ತಣ್ಣನೆಯ ಬೆವರು, ಉಸಿರು ಸಿಗದಿರುವುದು, ವಾಂತಿ, ತಲೆಸುತ್ತು ಇದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಬೆನ್ನನ್ನು ಒಳಗಿನಿಂದ ಸೀಳಿದಂತೆ ಹಠಾತ್ತನೆ ಬಂದ ನೋವೂ ಹಾಗೆಯೇ, ಅದರಲ್ಲೂ ಬಿ.ಪಿ. ಇದ್ದವರಿಗೆ ಅದು ದೊಡ್ಡ ರಕ್ತನಾಳ ಸೀಳಿದ ಸೂಚನೆ ಇರಬಹುದು. ತೋಟದೊಳಗೆ ನೆಟ್‌ವರ್ಕ್ ಸಿಗದಿದ್ದರೆ ಕಾಯುತ್ತಾ ಕೂರಬೇಡಿ. ಯಾರದಾದರೂ ಜೀಪಿನಲ್ಲಿ, ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆಗೆ ಹೊರಡಿ. ರೋಗಿ ತಾನೇ ಗಾಡಿ ಓಡಿಸಬಾರದು. ನೇರ ಮೈಸೂರಿಗೇ ಹೋಗೋಣ ಅನ್ನುವವರು ಒಂದು ಮಾತು ನೆನಪಿಡಿ: ಮಡಿಕೇರಿಯಿಂದ ಅಲ್ಲಿಗೆ ಸುಮಾರು 120 ಕಿ.ಮೀ. ಮೊದಲು ಹತ್ತಿರದಲ್ಲಿ ಇಸಿಜಿ ಮತ್ತು ಪ್ರಥಮ ಚಿಕಿತ್ಸೆ, ದೊಡ್ಡ ಆಸ್ಪತ್ರೆ ಆಮೇಲೆ.

ಏರು ಹತ್ತುವಾಗ ಬಂದು, ನಿಂತು ಸುಧಾರಿಸಿಕೊಂಡರೆ ಹೋಗುವ ನೋವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆ ಮುಂದಿನ ಏರು ಹತ್ತಿದಾಗಲೆಲ್ಲ ಬೆನ್ನು ಹಿಡಿಯುತ್ತದೆ ಅನ್ನುವವರು ಮೊದಲು ಹೃದಯ ಪರೀಕ್ಷೆ ಮಾಡಿಸಬೇಕು.

ಮರದಿಂದ ಅಥವಾ ಕಾಳುಮೆಣಸು ಬಿಡಿಸುವ ಏಣಿಯಿಂದ ಬಿದ್ದವರ ವಿಚಾರ ಬೇರೆ. ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸುವುದು ನಮ್ಮ ಮೊದಲ ಕೆಲಸ. ಮಾಡಬಾರದ ಕೆಲಸವೂ ಅದೇ. ಮೂಳೆ ಮುರಿದಿದ್ದರೆ, ಕೂರಿಸುವಾಗ ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಶಕ್ತಿಯೇ ಹೋಗಬಹುದು. ಆಂಬುಲೆನ್ಸ್ ಬರುವವರೆಗೆ ಅಲುಗಾಡಿಸದೆ ಮಲಗಿಸಿಯೇ ಇರಲಿ. ಸಾಗಿಸಲೇಬೇಕಾದರೆ ನಾಲ್ಕು ಜನ ಸೇರಿ, ತಲೆ, ಕುತ್ತಿಗೆ, ಸೊಂಟ ಒಂದೇ ಗೆರೆಯಲ್ಲಿರುವಂತೆ ಮರದ ದಿಮ್ಮಿ ಹೊರಳಿಸಿದ ಹಾಗೆ ಹೊರಳಿಸಿ, ಹಲಗೆಯ ಮೇಲೆ ಮಲಗಿಸಿ. ಬೀಳದಿದ್ದವರಿಗೂ ಕಾಲು ಸೋಲುವುದು, ಜೋಮು ಹಿಡಿಯುವುದು, ನಡೆಯುವಾಗ ಮುಗ್ಗರಿಸುವುದು, ಮೂತ್ರ ಮಲ ಹಿಡಿತ ತಪ್ಪುವುದು ಕಂಡರೆ ಅದೇ ದಿನ ಆಸ್ಪತ್ರೆ.

ಅಷ್ಟು ತುರ್ತಲ್ಲದಿದ್ದರೂ ಮುಂದೂಡಬಾರದ ಕೆಲವು ಇವೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು. ಅದು ಎದೆಯ ಹಿಂದಿನ ಮೂಳೆಗಳಿಗೆ ಬರುವುದು ನಮ್ಮ ದೇಶದಲ್ಲಿ ಅಪರೂಪವೇನಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಹಿಂದೆ ಕ್ಯಾನ್ಸರ್ ಆಗಿದ್ದವರು ಹೊಸ ಬೆನ್ನುನೋವನ್ನು ವೈದ್ಯರಿಗೆ ಹೇಳಲೇಬೇಕು. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗಿರುವ ಹೆಂಗಸರಿಗೆ ಒಂದು ಕೊಡ ಎತ್ತಿದರೂ, ಜೋರಾಗಿ ಕೆಮ್ಮಿದರೂ ಬೆನ್ನಿನ ಮೂಳೆ ಕುಸಿಯಬಹುದು. ಎತ್ತರ ಕಡಿಮೆಯಾಗಿ ಬೆನ್ನು ಗೂನಾಗುತ್ತಾ ಬರುವುದು ಅದರ ಗುರುತು. ಮದುವೆ ಮನೆಯಲ್ಲಿ ಪಂದಿಕರಿ ಊಟ ಮಾಡಿ ಬಂದ ರಾತ್ರಿ, ಹೊಟ್ಟೆಯ ಬಲ ಮೇಲ್ಭಾಗ ಹಿಂಡಿ ಬಲ ರೆಕ್ಕೆಗೆ ಹೊಡೆಯುವ ನೋವು ಪಿತ್ತಕೋಶದ ಕಲ್ಲಿನದಾಗಿರಬಹುದು.

ಒಂದೇ ಪಕ್ಕದಲ್ಲಿ, ಪಟ್ಟಿ ಬಳಿದಂತೆ ಬೆನ್ನಿನಿಂದ ಎದೆಯವರೆಗೆ ಉರಿಯುವ ನೋವು ಬಂದು, ಎರಡು ಮೂರು ದಿನದಲ್ಲಿ ಅಲ್ಲಿ ನೀರುಗುಳ್ಳೆ ಎದ್ದರೆ ಅದು ಸರ್ಪಸುತ್ತು. ಹಾವಿನ ದೋಷ ಎಂದು ಶಾಂತಿ ಮಾಡಿಸುವುದು ನಂಬಿಕೆಯ ವಿಚಾರ, ನಾನು ಅಡ್ಡ ಬರುವುದಿಲ್ಲ. ಆದರೆ ಅದು ಚಿಕನ್‌ಪಾಕ್ಸ್ ವೈರಸ್ ಮತ್ತೆ ಎದ್ದು ಬರುವ ಕಾಯಿಲೆ, ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ. ಶಾಂತಿಯ ದಿನಕ್ಕೆ ಕಾಯುತ್ತಾ ಆ ಮೂರು ದಿನ ಕಳೆಯಬೇಡಿ.

ಮಳೆಗಾಲದ್ದು ಇನ್ನೊಂದು ಮಾತು. ಜ್ವರದ ಜೊತೆ ಬೆನ್ನು, ಮೀನಖಂಡ ನೋಯುತ್ತಿದ್ದರೆ ಡೆಂಗಿ ಅಥವಾ ಇಲಿಜ್ವರ ಇರಬಹುದು. ಗದ್ದೆ, ಕೆಸರಿನಲ್ಲಿ ಓಡಾಡಿದ್ದರೆ ಅದನ್ನು ವೈದ್ಯರಿಗೆ ಹೇಳಿ. ರಕ್ತಪರೀಕ್ಷೆ ಆಗುವವರೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಟ್ಟಬೇಡಿ.

ಹೆಜ್ಜೆ 2: ನೋವು ಎಲ್ಲಿ ಹುಟ್ಟುತ್ತಿದೆ?

ಮೇಲಿನದ್ಯಾವುದೂ ಇಲ್ಲ ಅಂದಮೇಲೆ ನೆಮ್ಮದಿಯಾಗಿ ಹುಡುಕಬಹುದು. ಎದೆಯ ಹಿಂದಿನ ಬೆನ್ನುಮೂಳೆಗಳು 12. ಪ್ರತಿಯೊಂದಕ್ಕೂ ಒಂದು ಜೊತೆ ಪಕ್ಕೆಲುಬು ಅಂಟಿಕೊಂಡಿದೆ. ಈ ಗೂಡು ಗಟ್ಟಿ, ಅಲುಗಾಟ ಕಡಿಮೆ. ಅದಕ್ಕೇ ಸೊಂಟದಲ್ಲಿ ಆಗುವಷ್ಟು ಡಿಸ್ಕ್ ತೊಂದರೆ ಇಲ್ಲಿ ಆಗುವುದಿಲ್ಲ. ಇಲ್ಲಿ ಸೋಲುವುದು ಹೆಚ್ಚಾಗಿ ಸ್ನಾಯುಗಳು. ರೆಕ್ಕೆಮೂಳೆಯನ್ನು ಹಿಡಿದಿಟ್ಟಿರುವುದು ಬಹುಪಾಲು ಸ್ನಾಯುಗಳೇ. ಕೈ ಮುಂದಕ್ಕೋ ಮೇಲಕ್ಕೋ ಹೋದಾಗಲೆಲ್ಲ ಅವು ಹಿಂದಿನಿಂದ ಜಗ್ಗಿ ಹಿಡಿಯಬೇಕು. ಕೈ ಆಡುತ್ತಿದ್ದರೆ ಸ್ನಾಯು ಬಿಗಿದು ಸಡಿಲವಾಗುತ್ತಾ ರಕ್ತ ಹರಿಯುತ್ತದೆ. ಕೈ ಒಂದೇ ಕಡೆ ನಿಂತರೆ ಸಡಿಲವಾಗಲು ಪುರಸೊತ್ತೇ ಇಲ್ಲ, ಸ್ನಾಯು ಗಂಟು ಕಟ್ಟುತ್ತದೆ.

ಮನೆಯಲ್ಲೇ ಹೀಗೆ ನೋಡಿಕೊಳ್ಳಿ. ಕುರ್ಚಿಯಲ್ಲಿ ನೇರ ಕೂತು, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, ನಿಧಾನ ಎಡಕ್ಕೆ, ಬಲಕ್ಕೆ ತಿರುಗಿ. ತಿರುಗಿದಾಗ ನೋವು ಹೆಚ್ಚುಕಡಿಮೆಯಾದರೆ, ಮನೆಯವರು ಬೆರಳಿನಿಂದ ಒತ್ತಿದಾಗ "ಹೌದು, ಇದೇ ನೋವು" ಅನಿಸಿದರೆ, ಸ್ನಾಯು ಅಥವಾ ಕೀಲಿನದಿರುವ ಸಾಧ್ಯತೆ ಹೆಚ್ಚು. ಒತ್ತಿದರೆ ನೋಯುತ್ತದೆ ಅಂದಮಾತ್ರಕ್ಕೆ ಹೃದಯದ್ದಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ. ಮೊದಲ ಹೆಜ್ಜೆಯ ಗುರುತುಗಳಿದ್ದರೆ ಅವುಗಳದ್ದೇ ಮೇಲುಗೈ.

ಆಮೇಲೆ ಕುತ್ತಿಗೆ. ತಲೆಯನ್ನು ನೋವಿರುವ ಕಡೆಗೆ ತಿರುಗಿಸಿ ನಿಧಾನ ಮೇಲೆ ನೋಡಿ. ರೆಕ್ಕೆಗೋ ತೋಳಿಗೋ ಕರೆಂಟ್ ಹೊಡೆದಂತಾದರೆ, ಬೆರಳು ಜೋಮು ಹಿಡಿದರೆ, ನೋವಿನ ಬೇರು ಕುತ್ತಿಗೆಯ ನರದಲ್ಲಿದೆ. ರೆಕ್ಕೆಯನ್ನು ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಕೊನೆಗೆ ದೀರ್ಘ ಉಸಿರೆಳೆದು ನೋಡಿ. ಬೆನ್ನುಮೂಳೆಯ ಪಕ್ಕದಲ್ಲಿ ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ ಪಕ್ಕೆಲುಬು ಬೆನ್ನಿಗೆ ಸೇರುವ ಕೀಲು ಕೆರಳಿರಬಹುದು. ಚುಚ್ಚುವುದರ ಜೊತೆ ಜ್ವರ, ಕೆಮ್ಮು, ಉಬ್ಬಸ ಇದ್ದರೆ ಶ್ವಾಸಕೋಶ ನೋಡಿಸಬೇಕು.

ಹೆಜ್ಜೆ 3: ಮೊದಲ ಎರಡು ಮೂರು ದಿನ

ನೋವು ತಂದ ಕೆಲಸ ನಿಲ್ಲಿಸಿ, ಆದರೆ ಮಂಚ ಹಿಡಿಯಬೇಡಿ. ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಹತ್ತು ನಿಮಿಷ, ಕೈ ಬೀಸಿಕೊಂಡು ನಡೆಯಿರಿ. ಮಲಗಿದಷ್ಟೂ ಬೆನ್ನು ಬಿಗಿಯುತ್ತದೆ.

ಎತ್ತುವಾಗ ಚಳಕ್ ಎಂದು ಹೊಸದಾಗಿ ಉಳುಕಿದ್ದರೆ ಮೊದಲ ಎರಡು ದಿನ ಐಸನ್ನು ಟವೆಲಿನಲ್ಲಿ ಸುತ್ತಿ 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ. ದಿನಗಟ್ಟಲೆಯಿಂದ ಬಿಗಿದುಕೊಂಡ ನೋವಿಗೆ ಶಾಖವೇ ಹಿತ. ನಮ್ಮ ಬಚ್ಚಲಿನ ಹಂಡೆಯ ಬಿಸಿನೀರು ಇದಕ್ಕೆ ಹೇಳಿ ಮಾಡಿಸಿದ್ದು. ಬೆನ್ನಿನ ಮೇಲೆ ಹತ್ತು ನಿಮಿಷ ಹುಯ್ದುಕೊಳ್ಳಿ, ಆ ಹೊತ್ತಿನಲ್ಲೇ ಹೆಗಲನ್ನು ನಿಧಾನ ಸುತ್ತಿಸಿ. ಕಲ್ಲುಪ್ಪನ್ನು ಬಾಣಲೆಯಲ್ಲಿ ಬಿಸಿಮಾಡಿ, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಇಡುವುದೂ ಒಳ್ಳೆಯದೇ. ಮೊದಲು ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾಗಿರುವವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ, ಅವರಿಗೆ ಬೇರೆಯವರು ನೋಡಿ ಇಡಬೇಕು. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಕೊಡಲೇಬಾರದು, ಚರ್ಮ ಸುಡುತ್ತದೆ.

ಮಾತ್ರೆ ಬೇಕೆನಿಸಿದರೆ ಮೊದಲು ಪ್ಯಾರಾಸಿಟಮಾಲ್. ದೊಡ್ಡವರಿಗೆ ದಿನವೊಂದಕ್ಕೆ 4 ಗ್ರಾಂ, ಅಂದರೆ 500 ಮಿ.ಗ್ರಾಂ.ನ 8 ಮಾತ್ರೆ, ಮೀರಲೇಬಾರದ ಮಿತಿ. ತೂಕ 50 ಕೆ.ಜಿ.ಗಿಂತ ಕಡಿಮೆ ಇರುವವರು, ಕುಡಿಯುವವರು, ಲಿವರ್ ತೊಂದರೆ ಇರುವವರು ಇನ್ನೂ ಕಡಿಮೆ ತೆಗೆದುಕೊಳ್ಳಬೇಕು, ವೈದ್ಯರನ್ನು ಕೇಳಿ. ಶೀತದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಬಿ.ಪಿ., ಹೃದ್ರೋಗ, ಅಸ್ತಮಾ ಇದ್ದವರಿಗೆ, ಬಸುರಿಯರಿಗೆ ವೈದ್ಯರು ಹೇಳದೆ ಸಲ್ಲ. ಹೆಸರಿಲ್ಲದ ಬಿಡಿ ಮಾತ್ರೆಗಳನ್ನು ಪೊಟ್ಟಣ ಕಟ್ಟಿಸಿಕೊಂಡು ಕೊಯ್ಲು ಮುಗಿಯುವವರೆಗೂ ನುಂಗುವವರನ್ನು ನೋಡುತ್ತೇನೆ. ಒಳಗೇನಿದೆ ಎಂದು ಗೊತ್ತಿಲ್ಲದ್ದನ್ನು ನುಂಗಬೇಡಿ.

ಹೆಜ್ಜೆ 4: ಬಿಗಿತ ಬಿಡಿಸುವ ವ್ಯಾಯಾಮ

ತೀವ್ರ ನೋವು ಇಳಿದ ಮೇಲೆ ಶುರುಮಾಡಿ. ಹತ್ತಕ್ಕೆ ಮೂರರಷ್ಟು ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಅದು ಇಳಿದಿರಬೇಕು. ಇಳಿದಿಲ್ಲವೆಂದರೆ ಅರ್ಧಕ್ಕೆ ಇಳಿಸಿ.

ಮೊದಲನೆಯದು ರೆಕ್ಕೆ ಕೂಡಿಸುವುದು. ನೇರ ನಿಂತು, ಕೈ ಇಳಿಬಿಟ್ಟು, ಅಂಗೈ ಮುಂದಕ್ಕೆ ತಿರುಗಿಸಿ. ಎರಡು ರೆಕ್ಕೆಗಳ ನಡುವೆ ಪೆನ್ಸಿಲ್ ಹಿಡಿದಂತೆ ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ಎಳೆಯಿರಿ. ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೆಗಲು ಕಿವಿಯ ಕಡೆ ಏರಿದರೆ ತಪ್ಪು ಮಾಡುತ್ತಿದ್ದೀರಿ ಎಂದರ್ಥ. ಹತ್ತರಲ್ಲಿ ಎಂಟು ಜನ ಮೊದಲ ದಿನ ಅದೇ ತಪ್ಪು ಮಾಡುತ್ತಾರೆ, ಕನ್ನಡಿ ಮುಂದೆ ನಿಂತು ಮಾಡಿ.

ಆಮೇಲೆ ಬಾಗಿಲ ಚೌಕಟ್ಟು. ಮೊಣಕೈಯನ್ನು ಹೆಗಲ ಮಟ್ಟಕ್ಕೆ ಮಡಚಿ, ಎರಡೂ ಮುಂಗೈಗಳನ್ನು ಚೌಕಟ್ಟಿಗೆ ಆನಿಸಿ, ಒಂದು ಕಾಲು ಹೊಸ್ತಿಲ ಆಚೆ ಇಟ್ಟು ಎದೆಯನ್ನು ಮುಂದಕ್ಕೆ ಬಿಡಿ. 20ರಿಂದ 30 ಸೆಕೆಂಡ್, ಮೂರು ಸಲ. ಬೆನ್ನುನೋವಿಗೆ ಎದೆ ಏಕೆ ಹಿಗ್ಗಿಸಬೇಕು ಎಂದು ಕೇಳುತ್ತಾರೆ. ಎದೆಯ ಸ್ನಾಯು ಕುಗ್ಗಿ ಹೆಗಲನ್ನು ಮುಂದಕ್ಕೆ ಎಳೆದಿರುವುದರಿಂದಲೇ ಬೆನ್ನಿನದು ಹಗಲಿಡೀ ಜಗ್ಗುತ್ತಿರುತ್ತದೆ.

ಮಲಗಿ ಮಾಡುವುದು ಎರಡಿದೆ. ಸ್ನಾನದ ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ, ಚಾಪೆಯ ಮೇಲೆ ಅಡ್ಡಲಾಗಿಟ್ಟು, ರೆಕ್ಕೆಗಳ ಕೆಳತುದಿ ಅದರ ಮೇಲೆ ಬರುವಂತೆ ಅಂಗಾತ ಮಲಗಿ. ಮಂಡಿ ಮಡಚಿ, ತಲೆಯನ್ನು ಕೈಗಳಲ್ಲಿ ಹಿಡಿದು, ಉಸಿರು ಬಿಡುತ್ತಾ ಹಿಂದಕ್ಕೆ ಬಾಗಿ. ಐದು ಉಸಿರು ಆದಮೇಲೆ ಸುರುಳಿಯನ್ನು ಎರಡು ಬೆರಳಿನಷ್ಟು ಮೇಲಕ್ಕೆ ಸರಿಸಿ ಮತ್ತೆ ಮಾಡಿ. ಮೂಳೆ ಟೊಳ್ಳಾಗಿರುವವರು ಇದನ್ನು ಬಿಟ್ಟುಬಿಡಿ. ಇನ್ನೊಂದಕ್ಕೆ ಮಗ್ಗುಲಾಗಿ ಮಲಗಿ, ಮಂಡಿ ಮಡಚಿ, ಎರಡೂ ಅಂಗೈ ಮುಂದೆ ಜೋಡಿಸಿ. ಪುಸ್ತಕ ತೆರೆದಂತೆ ಮೇಲಿನ ಕೈಯನ್ನು ಹಿಂದಕ್ಕೆ ಒಯ್ಯಿರಿ, ಕಣ್ಣು ಕೈಯನ್ನೇ ಹಿಂಬಾಲಿಸಲಿ. ಪ್ರತಿ ಮಗ್ಗುಲಿಗೆ ಎಂಟು ಸಲ.

ಗಂಟು ಕಟ್ಟಿದ ಜಾಗಕ್ಕೆ ಟೆನಿಸ್ ಚೆಂಡನ್ನು ಹಳೆಯ ಕಾಲುಚೀಲದಲ್ಲಿ ಹಾಕಿ, ಬೆನ್ನು ಮತ್ತು ಗೋಡೆಯ ನಡುವೆ ಇಟ್ಟು ಒರಗಿ. ಮೂಳೆಯ ಮೇಲಲ್ಲ, ಮೂಳೆಯ ಪಕ್ಕದ ಮಾಂಸದ ಮೇಲೆ, ಒಂದು ಕಡೆ ಅರ್ಧ ನಿಮಿಷ.

ಒಂದು ವಾರ ಕಳೆದ ಮೇಲೆ ಬಲ ತುಂಬುವ ಕೆಲಸ. ಹಳೆಯ ಸೈಕಲ್ ಟ್ಯೂಬನ್ನು ಕಿಟಕಿಯ ಸರಳಿಗೆ ಸುತ್ತಿ, ಎರಡೂ ತುದಿ ಹಿಡಿದು, ಮೊಣಕೈಯನ್ನು ಪಕ್ಕೆಗೆ ಉಜ್ಜುವಂತೆ ಹಿಂದಕ್ಕೆ ಎಳೆಯಿರಿ. ಹನ್ನೆರಡರಂತೆ ಎರಡು ಸುತ್ತು, ದಿನ ಬಿಟ್ಟು ದಿನ. ನೋವು ಹೋದ ಮೇಲೂ ಎರಡು ತಿಂಗಳು ಬಿಡಬೇಡಿ. ಮುಂದಿನ ಕೊಯ್ಲಿನಲ್ಲಿ ಮತ್ತೆ ಬರುವವರು ಇದನ್ನು ಬಿಟ್ಟವರೇ.

ಹೆಜ್ಜೆ 5: ಕೈ ಕೆಲಸ ಬದಲಿಸುವುದು

ಕಾಫಿ ಕೊಯ್ಯುವಾಗ ಗಿಡದಿಂದ ಗಿಡಕ್ಕೆ ಹಿಡಿಯುವ ಕೈ ಬದಲಾಗಲಿ. ಕೆ.ಜಿ. ಲೆಕ್ಕದ ಕೊಯ್ಲಿನಲ್ಲಿ ಎಡಗೈಯಲ್ಲಿ ಕಿತ್ತರೆ ನಿಧಾನವಾಗುತ್ತದೆ ಎಂಬುದು ನನಗೂ ಗೊತ್ತು. ಅದಕ್ಕೆ ಆ ಸಿದ್ದಾಪುರದ ಅಕ್ಕನಿಗೆ ಬೇರೆ ಉಪಾಯ ಹೇಳಿದೆ: ಹಗ್ಗದ ಒಂದು ತುದಿಗೆ ಮರದ ಕೊಕ್ಕೆ, ಇನ್ನೊಂದು ತುದಿಗೆ ಕಾಲು ತೂರಿಸುವಷ್ಟು ಕುಣಿಕೆ. ಕೊಕ್ಕೆಯಿಂದ ರೆಂಬೆಯನ್ನು ಸೀಳದಂತೆ ಬಗ್ಗಿಸಿ ಕುಣಿಕೆಯನ್ನು ಕಾಲಿನಿಂದ ಮೆಟ್ಟಿದರೆ ರೆಂಬೆ ಹಿಡಿಯುವ ಕೆಲಸ ಕಾಲಿನದು, ಎರಡೂ ಕೈ ಎದೆಯ ಮಟ್ಟದಲ್ಲಿ ಕೀಳಬಹುದು. ಸೊಂಟದ ಚೀಲ ಅರ್ಧ ತುಂಬಿದಾಗಲೇ ಖಾಲಿ ಮಾಡಿ.

ಗೋಣಿಚೀಲ ಹೊರುವಾಗ ಬೆನ್ನಿಗೆ ಕಷ್ಟ ಕೊಡುವುದು ನಡಿಗೆಗಿಂತ ನೆಲದಿಂದ ಹೆಗಲಿಗೆ ಏರಿಸುವ ಆ ಒಂದು ಎತ್ತು. ಇಬ್ಬರು ಸೇರಿ ಮೊದಲು ಕಟ್ಟೆಗೋ ಜೀಪಿನ ಹಿಂಬಾಗಿಲಿಗೋ ಏರಿಸಿ, ಅಲ್ಲಿಂದ ಹೆಗಲಿಗೆ ತೆಗೆದುಕೊಳ್ಳಿ. ಕಣದಲ್ಲಿ ಕಾಫಿ ಹರಡುವ ಹಲಗೆಯ ಹಿಡಿ ಎದೆಮಟ್ಟಕ್ಕೆ ಬರುವಷ್ಟು ಉದ್ದವಿರಲಿ. ಕೈಚಾಚಿ ಎಳೆಯುವ ಬದಲು ನಡೆದು ಎಳೆಯಿರಿ.

ಮೆಣಸು ಬಿಡಿಸುವವರು ಏಣಿಯನ್ನು ಸರಿಸಲು ಬೇಸರಪಟ್ಟು ಒಂದು ಕೈ ದೂರ ಚಾಚುತ್ತಾರೆ. ಉಳುಕು, ಬೀಳುವುದು ಎರಡಕ್ಕೂ ಅದೇ ದಾರಿ.

ಬೆನ್ನಿಗೆ ಹಾಕುವ 16 ಲೀಟರಿನ ಸ್ಪ್ರೇಯರ್ ತುಂಬಿದರೆ ಮದ್ದಿನ ನೀರೇ 16 ಕೆ.ಜಿ. ಹತ್ತು ಲೀಟರಿಗೆ ನಿಲ್ಲಿಸಿ, ಎರಡು ಸುತ್ತು ಹೆಚ್ಚಾಗಲಿ. ಎರಡೂ ಪಟ್ಟಿ ಸಮ ಬಿಗಿ ಇರಲಿ, ನೆಲದಿಂದ ಎತ್ತದೆ ಕಟ್ಟೆಯ ಮೇಲಿಟ್ಟು ಹಾಕಿಕೊಳ್ಳಿ. ಕಳೆ ಕೊಚ್ಚುವ ಯಂತ್ರದ ತೂಕ ಕೈಯಲ್ಲಿ ಅಲ್ಲ, ಹೆಗಲ ಪಟ್ಟಿಯಲ್ಲಿ ತೂಗಬೇಕು. ಅಡುಗೆಮನೆಯಲ್ಲಿ ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವಾಗ ಒರಳು ಸೊಂಟಕ್ಕಿಂತ ಕೆಳಗಿದ್ದರೆ ಮೈಭಾರ ಒತ್ತುತ್ತದೆ. ಮೇಲಿದ್ದರೆ ಹೆಗಲೇ ಒತ್ತಬೇಕು.

2020ರಲ್ಲಿ ಬೆಂಗಳೂರಿನಿಂದ ಮನೆಗೆ ಬಂದು, ಇಲ್ಲೇ ಉಳಿದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಮಕ್ಕಳು ನಮ್ಮಲ್ಲಿ ಬಹಳ. ನಾಲ್ಕೈದು ಕೆ.ಜಿ. ತೂಕದ ತಲೆ ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆ ಬೆನ್ನಿನ ಸ್ನಾಯು ಅದನ್ನು ಹಿಡಿದಿರಬೇಕು. ಲ್ಯಾಪ್‌ಟಾಪ್ ಕೆಳಗೆ ಪುಸ್ತಕ ಪೇರಿಸಿ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತನ್ನಿ, ಬೇರೆ ಕೀಬೋರ್ಡ್ ಇಟ್ಟು ಮೊಣಕೈ ಪಕ್ಕೆಗೆ ತಾಗಿರಲಿ, ಅರ್ಧ ಗಂಟೆಗೊಮ್ಮೆ ಎದ್ದೇಳಿ. ಶಾಲೆಯ ಮಕ್ಕಳ ಬ್ಯಾಗ್ ಮೈತೂಕದ ಶೇ. 10 ಮೀರಬಾರದು ಎನ್ನುತ್ತದೆ 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ. ಸಂಪಾಜೆ ಘಾಟಿಯಲ್ಲಿ ದಿನವೂ ಗಾಡಿ ಓಡಿಸುವವರು ಸೀಟನ್ನು ಸ್ಟಿಯರಿಂಗಿಗೆ ಹತ್ತಿರ ತಂದು ಹೆಗಲು ಸೀಟಿಗೆ ಒರಗಿರುವಂತೆ ಕೂರಿ.

ಆಷಾಢದ ಚಳಿಗೆ ನಾವೆಲ್ಲ ಗೊತ್ತಿಲ್ಲದೆ ಹೆಗಲನ್ನು ಕಿವಿಗೆ ಏರಿಸಿಕೊಂಡೇ ಓಡಾಡುತ್ತೇವೆ. ಒಂದು ಬೆಚ್ಚಗಿನ ತೋಳಿಲ್ಲದ ಸ್ವೆಟರ್ ಎಷ್ಟೋ ಸಲ ಮುಲಾಮಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ರಾತ್ರಿ ಬೋರಲು ಮಲಗಬೇಡಿ. ಮಗ್ಗುಲಾಗಿ ಮಲಗುವವರು ಎದೆಗೊಂದು ದಿಂಬು ಅಪ್ಪಿಕೊಂಡರೆ ಮೇಲಿನ ಕೈ ಮುಂದಕ್ಕೆ ಜಾರಿ ರೆಕ್ಕೆಯನ್ನು ಎಳೆಯುವುದಿಲ್ಲ.

ಹೆಜ್ಜೆ 6: ವೈದ್ಯರ ಬಳಿಗೆ

ಸ್ನಾಯುವಿನ ನೋವು ಸಾಮಾನ್ಯವಾಗಿ ಎರಡರಿಂದ ಆರು ವಾರದಲ್ಲಿ ಹೋಗುತ್ತದೆ. ಎರಡು ವಾರವಾದರೂ ಒಂದಿಷ್ಟೂ ಇಳಿಯದಿದ್ದರೆ, ನಿದ್ದೆ ಕೆಡಿಸುತ್ತಿದ್ದರೆ, ಕೈಗೆ ಜೋಮು ಇಳಿಯುತ್ತಿದ್ದರೆ ತೋರಿಸಿ. ಎಂಆರ್‌ಐ ಬೇಕೇ ಬೇಕೆಂದು ಹಟ ಹಿಡಿಯಬೇಡಿ. ನೋವೇ ಇಲ್ಲದವರ ಬೆನ್ನಲ್ಲೂ ಅದು ಸವೆತ ತೋರಿಸುತ್ತದೆ.

ಉಳುಕು ತೆಗೆಯುವವರ ಬಳಿ ಎಣ್ಣೆ ಹಚ್ಚಿ ಹದವಾಗಿ ನೀವಿಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಕುತ್ತಿಗೆ ಲಟಕ್ಕನೆ ತಿರುವುವುದು, ಬೆನ್ನಿನ ಮೇಲೆ ಹತ್ತಿ ತುಳಿಯುವುದು ಬೇಡ, ಮೂಳೆ ಟೊಳ್ಳಾದ ವಯಸ್ಸಾದವರಿಗಂತೂ ಖಂಡಿತ ಬೇಡ.

ಹೋಗುವಾಗ ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ ಒಯ್ಯಿರಿ. ನೋವು ಶುರುವಾದ ದಿನ ಏನು ಕೆಲಸ ಮಾಡಿದ್ದಿರಿ ಎಂದು ನೆನಪಿಸಿಕೊಂಡಿರಿ. ವೈದ್ಯರು ಕೇಳದಿದ್ದರೂ ಎದ್ದು ನಿಂತು, ಆ ಕೆಲಸ ಹೇಗೆ ಮಾಡುತ್ತೀರಿ ಎಂದು ಕೈಯಾರೆ ಮಾಡಿ ತೋರಿಸಿ.